ಯಾಯಾ ಊಟ ಬಿಡುತ್ತಿದ್ದ ಬುಧವಾರಗಳು

ಗ್ರೀಕರು ಅಜ್ಜಿಗೆ ಯಾಯಾ ಅನ್ನುತ್ತಾರೆ. ನಾನು ಮೆಲ್ಬರ್ನಿನ ಆಗ್ನೇಯ ಭಾಗದ ಒಂದು ಏಜ್ಡ್ ಕೇರ್ ಹೋಮಿನಲ್ಲಿ ಕೇರರ್. ವಯಸ್ಸಾದವರಿಗೆ ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಊಟ ಮಾಡಿಸುವುದು, ಎಬ್ಬಿಸಿ ಕೂರಿಸುವುದು ನನ್ನ ಕೆಲಸ. ಅಲ್ಲಿ ನಾನು ನೋಡಿಕೊಳ್ಳುವ ಒಬ್ಬ ಯಾಯಾ ಇದ್ದಾರೆ. ಅವರ ಬದುಕಿನ ವಿವರಗಳನ್ನು ಹುಡುಕಿ, ಜೋಡಿಸಿ, ಒಂದು ಫೈಲಿಗೆ ಹಾಕಿದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವವರ ಆರೈಕೆಯಲ್ಲಿ ಇಂಥ ಫೈಲಿಗೆ ಲೈಫ್ ಸ್ಟೋರಿ ಬುಕ್ ಅಂತ ಹೆಸರು. ಪುಟಕ್ಕೊಂದು ದೊಡ್ಡ ಫೋಟೊ, ಕೆಳಗೆ ದಪ್ಪ ಅಕ್ಷರದಲ್ಲಿ ನಾಲ್ಕೈದು ಸಾಲು. ಅದೆಲ್ಲ ಸುಮ್ನೆ ಹೊತ್ತು ಕಳೆಯೋಕೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ನನಗೆ ಅದು ಔಷಧಿ ಚಾರ್ಟಿನಷ್ಟೇ ಮುಖ್ಯ ಅನ್ನಿಸಿದೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಗುರುತು ಹೇಳುವುದಿಲ್ಲ.

ಯಾಯಾ ಹುಟ್ಟಿದ್ದು 1938ರಲ್ಲಿ, ದಕ್ಷಿಣ ಗ್ರೀಸಿನ ಕಲಮಾತಾ ಪಟ್ಟಣದ ಮೇಲಿನ ಒಂದು ಬೆಟ್ಟದ ಹಳ್ಳಿಯಲ್ಲಿ. ಆಸ್ಟ್ರೇಲಿಯಾಕ್ಕೆ ಬಂದಿದ್ದು 1961ರಲ್ಲಿ. ಇಲ್ಲೇ ದುಡಿದರು, ಮಕ್ಕಳನ್ನು ಹೆತ್ತರು, ಮೊಮ್ಮಕ್ಕಳನ್ನು ಸಾಕಿದರು. ಡಿಮೆನ್ಷಿಯಾ ಬಂದ ಮೇಲೆ ಅವರಿಗಿದ್ದ ಅಷ್ಟಿಷ್ಟು ಇಂಗ್ಲಿಷೂ ಹೋಯಿತು. ಇದು ಅವರೊಬ್ಬರಿಗೆ ಆಗಿದ್ದಲ್ಲ. ಎರಡು ಭಾಷೆ ಆಡುತ್ತಿದ್ದವರಿಗೆ ಈ ಕಾಯಿಲೆ ಬಂದಾಗ, ದೊಡ್ಡವರಾದ ಮೇಲೆ ಕಲಿತ ಭಾಷೆ ಎಷ್ಟೋ ಸಲ ಮೊದಲು ಹೋಗುತ್ತದೆ. ಚಿಕ್ಕಂದಿನ ಭಾಷೆ ಉಳಿಯುತ್ತದೆ. ಮೆಲ್ಬರ್ನಿನಲ್ಲಿ ಇಂಥ ಗ್ರೀಕ್ ಅಜ್ಜ ಅಜ್ಜಿಯರು ಬಹಳ. ಗ್ರೀಸ್ ಮತ್ತು ಸೈಪ್ರಸ್ ಬಿಟ್ಟರೆ ಅತಿ ಹೆಚ್ಚು ಗ್ರೀಕರು ಇರುವ ಊರುಗಳಲ್ಲಿ ಇದೂ ಒಂದು. 1950, 60ರ ದಶಕಗಳಲ್ಲಿ ಹಡಗು ಹತ್ತಿ ಬಂದ ಹುಡುಗ ಹುಡುಗಿಯರಿಗೆ ಈಗ ಎಂಬತ್ತು ದಾಟಿದೆ.

ಗ್ರೀಕರಿಗೆಂದೇ ಇರುವ ಹೋಮ್‌ಗಳೂ ಇಲ್ಲಿವೆ. ಫ್ರೊಂದಿಥಾ ಕೇರ್ ಸಂಸ್ಥೆ 1977ರಿಂದ ಈ ಕೆಲಸ ಮಾಡುತ್ತಿದೆ. ಆದರೆ ಬೇಕಾದಾಗ, ಬೇಕಾದ ಕಡೆ ಹಾಸಿಗೆ ಸಿಗಬೇಕಲ್ಲ. ಮಗಳ ಮನೆಗೆ ಹತ್ತಿರ ಅಂತ ಯಾಯಾ ನಮ್ಮಲ್ಲಿಗೆ ಬಂದರು. ನಮ್ಮಲ್ಲಿ ಗ್ರೀಕ್ ಬರುವವರು ಯಾರೂ ಇರಲಿಲ್ಲ. ನೇಪಾಳದವರು, ಫಿಲಿಪ್ಪೀನ್ಸಿನವರು, ಕೇರಳದ ನರ್ಸುಗಳು, ಪಂಜಾಬಿನ ಹುಡುಗರು, ಜೊತೆಗೆ ಸಾಗರದ ಕಡೆಯ ನಾನು.

ಅವರು ಬಂದ ಹೊಸದರಲ್ಲಿ ನೋಟ್ಸಿನಲ್ಲಿ ಒಂದೇ ಪದ ಮತ್ತೆ ಮತ್ತೆ ಬರುತ್ತಿತ್ತು. ರೆಫ್ಯೂಸ್ಡ್. ಸ್ನಾನ ರೆಫ್ಯೂಸ್ಡ್. ಬಟ್ಟೆ ಬದಲಾವಣೆ ರೆಫ್ಯೂಸ್ಡ್. ಊಟ ರೆಫ್ಯೂಸ್ಡ್. ಸಂಜೆಯಾದರೆ ಬಾಗಿಲ ಹತ್ತಿರ ಹೋಗಿ ಹಿಡಿಕೆ ಎಳೆಯುತ್ತಾರೆ, ಅಳುತ್ತಾರೆ ಅಂತಲೂ ಇತ್ತು. ಬರೆದವರದು ತಪ್ಪು ಅಂತ ನಾನು ಹೇಳುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಈಗ ಹೋಮ್‌ಗಳು ಒಬ್ಬೊಬ್ಬರಿಗೆ ದಿನಕ್ಕೆ ಸರಾಸರಿ 215 ನಿಮಿಷ ಆರೈಕೆ ಕೊಡಬೇಕು ಅಂತ ನಿಯಮವಿದೆ. 2024ರ ಅಕ್ಟೋಬರಿನಿಂದ ಬಂದ ಲೆಕ್ಕ ಅದು. ಆ ನಿಮಿಷಗಳಲ್ಲಿ ಸ್ನಾನ, ಶೌಚ, ಊಟ, ಮಾತ್ರೆ, ಬರೆಯುವ ಕೆಲಸ ಎಲ್ಲ ಮುಗಿಯಬೇಕು. ಇವರು ಯಾಕೆ ಬೇಡ ಅನ್ನುತ್ತಿದ್ದಾರೆ ಅಂತ ಕೂತು ಯೋಚಿಸಲು ಪ್ರತ್ಯೇಕ ನಿಮಿಷ ಇಲ್ಲ.

ನನಗೆ ಮೊದಲು ಸುಳಿವು ಸಿಕ್ಕಿದ್ದು ಊಟದ ಚಾರ್ಟಿನಲ್ಲಿ. ಯಾಯಾ ತೂಕ ಇಳಿಯುತ್ತಿತ್ತು. ಡಯಟಿಷಿಯನ್ ಹಳೆಯ ಚಾರ್ಟುಗಳನ್ನೆಲ್ಲ ತೆಗೆದಿಡಲು ಹೇಳಿದ್ದರು. ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದೆ. ಊಟ ಬಿಟ್ಟ ದಿನಗಳು ಹೇಗೆ ಬೇಕೋ ಹಾಗೆ ಇರಲಿಲ್ಲ. ಬುಧವಾರ, ಶುಕ್ರವಾರ. ಮತ್ತೆ ಬುಧವಾರ, ಶುಕ್ರವಾರ. ಉಳಿದ ದಿನ ತಕ್ಕಮಟ್ಟಿಗೆ ತಿಂದಿದ್ದಾರೆ. ನಮ್ಮಜ್ಜಿ ಶನಿವಾರ ಒಪ್ಪತ್ತು ಇರುತ್ತಿದ್ದರು. ಮೈ ಹುಷಾರಿಲ್ಲದಿದ್ದರೂ ಬಿಡುತ್ತಿರಲಿಲ್ಲ. ಬೈದರೆ ಕೇಳಿಸಲೇ ಇಲ್ಲ ಅನ್ನುವ ಹಾಗೆ ಕೂರುತ್ತಿದ್ದರು. ಆ ಹಾಳೆಗಳನ್ನು ನೋಡುತ್ತಿದ್ದ ಹಾಗೇ ಅದು ನೆನಪಾಯಿತು. ತಕ್ಷಣ ಮಗಳಿಗೆ ಫೋನ್ ಮಾಡಿದೆ.

"ನಿಮ್ಮ ಅಮ್ಮ ವಾರದಲ್ಲಿ ಯಾವತ್ತಾದರೂ ಉಪವಾಸ ಇರ್ತಿದ್ರಾ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ದೇವರೇ, ಬುಧವಾರ ಶುಕ್ರವಾರ! ಅಮ್ಮ ನನಗೆ ಗೊತ್ತಿದ್ದಾಗಿಂದ ಮಾಡ್ತಾರೆ. ಆದ್ರೆ ಇವತ್ತು ಯಾವ ವಾರ ಅಂತ ಅವರಿಗೆ ಈಗಲೂ ಹೇಗೆ ಗೊತ್ತಾಗುತ್ತೆ?" ಅಂದರು.

ಉತ್ತರ ಕೋಣೆಯ ಗೋಡೆ ಮೇಲೇ ಇತ್ತು. ಅಲ್ಲಿ ದಿನಕ್ಕೊಂದು ಹಾಳೆ ಹರಿಯುವ ಗ್ರೀಕ್ ಕ್ಯಾಲೆಂಡರ್ ನೇತುಹಾಕಿದ್ದರು. ಆ ದಿನದ ಸಂತರ ಹೆಸರು ಅದರಲ್ಲಿ ಇರುತ್ತದೆ. ಯಾಯಾ ಬೆಳಿಗ್ಗೆ ಎದ್ದು ಮೊದಲು ಮಾಡುತ್ತಿದ್ದ ಕೆಲಸ ಆ ಹಾಳೆ ಹರಿಯುವುದು. ಮೊಮ್ಮಗನ ಹೆಸರು ಮರೆತುಹೋಗಿದೆ, ಇವತ್ತಿನ ಹಾಳೆ ಹರಿಯುವುದು ಮರೆತಿಲ್ಲ.

ಆರ್ಥೊಡಾಕ್ಸ್ ಕ್ರೈಸ್ತರಲ್ಲಿ ಬುಧವಾರ ಮತ್ತು ಶುಕ್ರವಾರ ಮಾಂಸ, ಮೀನು, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ಈಸ್ಟರಿಗೆ ಮುಂಚಿನ ದೊಡ್ಡ ವ್ರತದಲ್ಲಂತೂ ವಾರಗಟ್ಟಲೆ ಇಲ್ಲ. ನಾವು ಅವರ ಮುಂದೆ ಇಟ್ಟಿದ್ದೇನು? ಕೋಳಿ, ಕೆನೆ ಹಾಕಿದ ಸೂಪು, ಹಾಲಿನ ಕಸ್ಟರ್ಡ್. ಮಗಳು ಚರ್ಚಿನ ಪಾದ್ರಿಯನ್ನು ಕರೆತಂದರು. ಕಾಯಿಲೆಯವರಿಗೆ, ವಯಸ್ಸಾದವರಿಗೆ ಉಪವಾಸ ಬೇಕಿಲ್ಲ ಅಂತ ಅವರು ಅಕ್ಕರೆಯಿಂದ ಹೇಳಿದರು. ಯಾಯಾ ಅವರ ಕೈಗೆ ಮುತ್ತಿಟ್ಟರು. ಮುಂದಿನ ಬುಧವಾರ ಮತ್ತೆ ತಟ್ಟೆ ದೂಡಿದರು. ಕೊನೆಗೆ ಬದಲಾಗಿದ್ದು ಅಡುಗೆಮನೆ. ಆ ಎರಡು ದಿನ ಮಸೂರದ ಸೂಪು, ಇಲ್ಲವೇ ಬಿಳಿ ಬೀನ್ಸಿನ ಫಸೊಲಾದಾ, ಮೇಲೆ ಕೈಬಿಚ್ಚಿ ಆಲಿವ್ ಎಣ್ಣೆ, ಮೆತ್ತನೆಯ ಬ್ರೆಡ್ಡು. ತೂಕ ನಿಧಾನಕ್ಕೆ ಮೇಲೆ ಬಂತು.

ಈ ಒಂದು ವಿಷಯ ಗೊತ್ತಿಲ್ಲದೆ ಇಷ್ಟು ಕಷ್ಟ ಆಯಿತಲ್ಲ, ಗೊತ್ತಿಲ್ಲದ್ದು ಇನ್ನೆಷ್ಟಿರಬೇಕು ಅಂತ ಯೋಚನೆ ಬಂತು. ಫೈಲಿನ ಕೆಲಸ ಅಲ್ಲಿಂದ ಶುರುವಾಯಿತು. ನರ್ಸ್ ಮ್ಯಾನೇಜರ್ ಒಪ್ಪಿದರು. ಮಗಳು ಮನೆಯಿಂದ ಒಂದು ಹಳೆ ಬಿಸ್ಕತ್ ಡಬ್ಬಿ ತಂದುಕೊಟ್ಟರು. ತುಂಬ ಫೋಟೊ, ನೀಲಿ ಏರ್‌ಮೇಲ್ ಪತ್ರಗಳು, ಚರ್ಚಿನ ರಸೀದಿಗಳು. ಮೂವತ್ತರ ಆಸುಪಾಸಿನ ಮೊಮ್ಮಗ ಕಂಪ್ಯೂಟರಿನ ಕೆಲಸ ತನಗಿರಲಿ ಅಂದ. ಯಾಯಾ ಕೈಯಲ್ಲೇ ಬೆಳೆದ ಹುಡುಗ ಅವನು.

ವಲಸೆ ಬಂದವರ ದಾಖಲೆ ಹುಡುಕುವುದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ. ಬೇಕಾದವರಿಗೆ ಉಪಯೋಗವಾದೀತು. ಆಸ್ಟ್ರೇಲಿಯಾದ ನ್ಯಾಷನಲ್ ಆರ್ಕೈವ್ಸಿನಲ್ಲಿ ರೆಕಾರ್ಡ್‌ಸರ್ಚ್ ಅಂತ ಹುಡುಕುವ ಪುಟ ಇದೆ. ಹಡಗಿನ ಪ್ರಯಾಣಿಕರ ಪಟ್ಟಿ, ವಲಸೆಗೆ ಆಯ್ಕೆ ಮಾಡಿದಾಗಿನ ಕಾಗದ, ಪೌರತ್ವದ ಅರ್ಜಿ ಅಲ್ಲಿವೆ. ಬಾನೆಗಿಲ್ಲಾ ಅನ್ನುವ ಜಾಗದಲ್ಲಿ 1947ರಿಂದ 1971ರ ತನಕ ದೊಡ್ಡ ವಲಸಿಗರ ಶಿಬಿರ ಇತ್ತು. ಅಲ್ಲಿಗೆ ಬಂದಿಳಿದವರ ಕಾರ್ಡುಗಳೂ ಇವೆ. ಮೊದಲು ಮೊಮ್ಮಗ ಯಾಯಾ ಈಗಿನ ಹೆಸರು ಹಾಕಿ ಹುಡುಕಿದ. ಏನೂ ಬರಲಿಲ್ಲ. ಕಾರಣ ಇದೆ. ಅವರು ಬಂದಾಗ ಮದುವೆ ಆಗಿರಲಿಲ್ಲ. ಗ್ರೀಕರಲ್ಲಿ ಅಣ್ಣ ತಂಗಿಯ ಮನೆತನದ ಹೆಸರು ಒಂದೇ ಆದರೂ ಹೆಣ್ಣಿನ ಹೆಸರಿನ ಕೊನೆ ಬೇರೆ ಇರುತ್ತದೆ. ಅದರ ಮೇಲೆ ಗ್ರೀಕ್ ಅಕ್ಷರವನ್ನು ಇಂಗ್ಲಿಷಿಗೆ ಒಬ್ಬೊಬ್ಬ ಗುಮಾಸ್ತರು ಒಂದೊಂದು ರೀತಿ ಬರೆದಿದ್ದಾರೆ. ಹಾಗಾಗಿ ತವರಿನ ಹೆಸರು, ಅದರ ಹೆಣ್ಣು ರೂಪ, ಗಂಡು ರೂಪ, ಒಂದೊಂದಕ್ಕೂ ಬೇರೆ ಬೇರೆ ಸ್ಪೆಲಿಂಗ್ ಬರೆದಿಟ್ಟುಕೊಂಡು ಹುಡುಕಬೇಕು. ಜೊತೆಗೆ ಹಡಗಿನ ಹೆಸರು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಹಿಂದೆ ಯಾರೂ ಕೇಳಿರದ ಫೈಲಾದರೆ ಆರ್ಕೈವ್ಸಿನವರು ಮೊದಲು ಓದಿ ನೋಡಿ ಆಮೇಲೆ ಬಿಡುಗಡೆ ಮಾಡುತ್ತಾರೆ. ತಾಳ್ಮೆ ಬೇಕು.

ಹಡಗಿನ ಹೆಸರು ಡಬ್ಬಿಯೊಳಗಿನ ಒಂದು ಪೋಸ್ಟ್‌ಕಾರ್ಡಿನಲ್ಲಿ ಸಿಕ್ಕಿತು. ಪಾತ್ರಿಸ್. ಚಂದ್ರಿಸ್ ಕಂಪನಿ 1959ರಲ್ಲಿ ಕೊಂಡು ಆಸ್ಟ್ರೇಲಿಯಾದ ದಾರಿಗೆ ಬಿಟ್ಟ ಹಡಗು. ಸಾವಿರಾರು ಗ್ರೀಕರನ್ನು ಇಲ್ಲಿಗೆ ತಂದಿದೆ. ಅಥೆನ್ಸಿನ ಪಕ್ಕದ ಪಿರೇಯಸ್ ಬಂದರಿನಿಂದ ಹೊರಟು, ಸುಯೆಜ್ ಕಾಲುವೆ ದಾಟಿ, ಏಡನ್ ಮೇಲೆ ಬಂದು, ಮೊದಲು ಪಶ್ಚಿಮ ತೀರದ ಫ್ರಿಮ್ಯಾಂಟಲ್, ಆಮೇಲೆ ಮೆಲ್ಬರ್ನಿನ ಸ್ಟೇಷನ್ ಪಿಯರ್. ಪಟ್ಟಿಯ ಪ್ರತಿ ಕೈಗೆ ಬಂದ ದಿನ ಮೊಮ್ಮಗ ಓಡಿ ಬಂದ. ಟೈಪ್ ಮಾಡಿದ ಸಾಲು. ಹೆಸರು, ವಯಸ್ಸು 23, ಒಂಟಿ ಹೆಣ್ಣು, ಉದ್ಯೋಗದ ಜಾಗದಲ್ಲಿ ಮನೆಗೆಲಸ. ಇಷ್ಟೇ. ಆ ಹುಡುಗ ಆ ಒಂದು ಸಾಲನ್ನು ಎಷ್ಟು ಹೊತ್ತು ನೋಡಿದನೋ! ತನ್ನ ಅಜ್ಜಿ ತನಗಿಂತ ಚಿಕ್ಕವಳಾಗಿದ್ದಳು ಅಂತ ಅವತ್ತು ಮೊದಲ ಸಲ ಹೊಳೆಯಿತು ಅಂದ.

ಇನ್ನು ಒಂದೊಂದು ಪುಟ ಕೂಡಿಬಂದ ಬಗೆ.

ಬಾಲ್ಯದ ಪುಟಕ್ಕೆ ಫೋಟೊ ಇರಲಿಲ್ಲ. ಆ ಹಳ್ಳಿಯಲ್ಲಿ ಆಗ ಕ್ಯಾಮೆರಾ ಎಲ್ಲಿಂದ ಬರಬೇಕು? ಜರ್ಮನರು 1941ರಲ್ಲಿ ಗ್ರೀಸನ್ನು ಹಿಡಿದಾಗ ಯಾಯಾಗೆ ಮೂರು ವರ್ಷ. ಆ ಚಳಿಗಾಲ ದೇಶದಲ್ಲಿ ಭೀಕರ ಹಸಿವು. ಜರ್ಮನರು ಹೋದ ಮೇಲೆ 1949ರ ತನಕ ಗ್ರೀಕರ ಒಳಗೇ ಯುದ್ಧ. ಗೋಧಿ ಇಲ್ಲದೆ ಮೆಕ್ಕೆಜೋಳದ ಹಿಟ್ಟಿನಲ್ಲಿ ಬೊಬೊತಾ ಅನ್ನುವ ಗಟ್ಟಿ ರೊಟ್ಟಿ ಸುಟ್ಟು ತಿನ್ನುತ್ತಿದ್ದರಂತೆ. ಅದನ್ನು ಮಗಳು ಹೇಳಿದ ಮೇಲೆ ನನಗೆ ಇನ್ನೊಂದು ಅರ್ಥವಾಯಿತು. ಯಾಯಾ ಊಟದ ಬ್ರೆಡ್ಡಿನಲ್ಲಿ ಒಂದು ತುಂಡನ್ನು ಟಿಶ್ಯೂನಲ್ಲಿ ಸುತ್ತಿ ದಿಂಬಿನ ಕೆಳಗೆ ಇಡುತ್ತಿದ್ದರು. ಬೂಸ್ಟು ಬರುತ್ತದೆ ಅಂತ ನಾವು ಎತ್ತಿ ಬಿಸಾಕುತ್ತಿದ್ದೆವು. ಅವರು ಇಡೀ ಹಾಸಿಗೆ ಕೆದಕಿ ಹುಡುಕುತ್ತಿದ್ದರು. ಈಗ ಮಂಚದ ಪಕ್ಕ ಒಂದು ಪುಟ್ಟ ಡಬ್ಬಿ ಇಟ್ಟಿದ್ದೇವೆ. ರಾತ್ರಿ ಪಾಳಿಯವರು ಹಳೆ ತುಂಡು ತೆಗೆದು ಹೊಸ ತುಂಡು ಇಡುತ್ತಾರೆ. ಆರೈಕೆಯ ಪಟ್ಟಿಯಲ್ಲಿ ಅದೂ ಒಂದು ಸಾಲು ಈಗ.

ಮದುವೆ ಪುಟ ಸುಲಭ. ಅಣ್ಣ ಮೊದಲೇ ಬಂದು ಫಿಶರ್ಮನ್ಸ್ ಬೆಂಡಿನಲ್ಲಿ ಕಾರಿನ ಫ್ಯಾಕ್ಟರಿ ಸೇರಿದ್ದರು. ಜೊತೆ ಕೆಲಸ ಮಾಡುವ ಹುಡುಗನ ಫೋಟೊ ಊರಿಗೆ ಕಳಿಸಿದರು, ಯಾಯಾ ಫೋಟೊ ಇಲ್ಲಿಗೆ ಬಂತು. ಆಗ ಎಷ್ಟೋ ಗ್ರೀಕ್ ಹುಡುಗಿಯರು ಹೀಗೇ ಬಂದವರು. ಊರಲ್ಲಿ ಮದುವೆ ಅಂದರೆ ಅಪ್ಪ ವರದಕ್ಷಿಣೆಗೆ ಆಲಿವ್ ತೋಟ ಮಾರಬೇಕಿತ್ತು. ಗ್ರೀಸಿನಲ್ಲಿ ವರದಕ್ಷಿಣೆ ಕಾನೂನಿನಿಂದ ಹೋಗಿದ್ದೇ 1983ರಲ್ಲಿ. ಹಡಗು ಹತ್ತಿದರೆ ತೋಟ ಉಳಿಯುತ್ತದೆ. ಇಪ್ಪತ್ತಮೂರು ವರ್ಷದ ಹುಡುಗಿಗೆ ಅದೂ ಲೆಕ್ಕದಲ್ಲಿತ್ತು ಅಂತ ಮಗಳು ಹೇಳುತ್ತಾರೆ. ಬಂದ ಕೆಲವೇ ವಾರಕ್ಕೆ ಈಸ್ಟ್ ಮೆಲ್ಬರ್ನಿನ ಎವಾಂಗೆಲಿಸ್ಮೋಸ್ ಚರ್ಚಿನಲ್ಲಿ ಮದುವೆ. ಫೋಟೊದಲ್ಲಿ ಇಬ್ಬರ ತಲೆ ಮೇಲೂ ರಿಬ್ಬನ್ನಿನಿಂದ ಜೋಡಿಸಿದ ಬಿಳಿ ಕಿರೀಟ. ಇಬ್ಬರೂ ನಕ್ಕಿಲ್ಲ.

ಫ್ಯಾಕ್ಟರಿಯ ಪುಟಕ್ಕೆ ನಾನು ಜಾಸ್ತಿ ಹೊತ್ತು ಕೊಟ್ಟೆ. ಯಾಯಾ ಬೆರಳುಗಳು ಸುಮ್ಮನೆ ಇರುವುದಿಲ್ಲ. ಹೊದಿಕೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಎಡಗೈ ಮುಂದಕ್ಕೆ ದೂಡುತ್ತದೆ. ಬಲಗೈ ಹೆಬ್ಬೆರಳು ಅಂಚನ್ನು ಮಡಚಿ ಒತ್ತುತ್ತದೆ. ಒಂದು ಗೇಣು ಮುಂದೆ ಹೋದ ಮೇಲೆ ನಿಲ್ಲುತ್ತಾರೆ, ಅಂಚನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಮತ್ತೆ ಶುರು. ಬಲಗಾಲಿನ ಮುಂಗಾಲು ನೆಲ ಒತ್ತುತ್ತಿರುತ್ತದೆ. ನೋಟ್ಸಿನಲ್ಲಿ ಇದಕ್ಕೆ ಚಡಪಡಿಕೆ ಅಂತ ಬರೆದಿತ್ತು. ರಿಚ್ಮಂಡಿನ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಅವರು ಹೊಲಿಗೆ ಯಂತ್ರದ ಮುಂದೆ ಕೂತಿದ್ದು ವರ್ಷಗಟ್ಟಲೆ. ಕಾಲು ಒತ್ತುವುದು ಯಂತ್ರದ ಪೆಡಲ್ ಅಂತ ಗೊತ್ತಾದ ಮೇಲೆ ಚಡಪಡಿಕೆ ಅನ್ನುವ ಪದವನ್ನು ನಾನು ಬರೆಯಲಿಲ್ಲ. ಮಗಳು ಹತ್ತಿ ಬಟ್ಟೆಯ ತುಂಡುಗಳನ್ನು ತಂದುಕೊಟ್ಟರು. ಈಗ ಮಧ್ಯಾಹ್ನ ಅವರ ಮುಂದೆ ಒಂದು ಬುಟ್ಟಿ ಇಡುತ್ತೇವೆ. ಅಂಚು ಮಡಚಿ ಮಡಚಿ ಪೇರಿಸಿಡುತ್ತಾರೆ. ಸರಿ ಬಾರದ್ದನ್ನು ಪಕ್ಕಕ್ಕೆ ಎಸೆಯುತ್ತಾರೆ. ಮಡಚಿದ್ದು ನೇರ ಇಲ್ಲದಿದ್ದರೆ ನನಗೂ ಬೈಗುಳ ಸಿಗುತ್ತದೆ.

ಒಂದು ಮಾತು ಇಲ್ಲೇ ಹೇಳಬೇಕು. "ಅರವತ್ತು ವರ್ಷ ಈ ದೇಶದಲ್ಲಿದ್ದೂ ಇಂಗ್ಲಿಷ್ ಕಲಿಯಲಿಲ್ಲ ನೋಡು" ಅಂತ ಯಾಯಾ ಬಗ್ಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ನಮ್ಮವರ ಬಾಯಲ್ಲೂ ಕೇಳಿದ್ದೇನೆ. ಆ ಮಾತು ನನಗೆ ಬಹಳ ಬೇಜಾರು ತರಿಸುತ್ತದೆ. ಅವರ ದಿನ ಹೇಗಿತ್ತು ನೋಡಿ. ಬೆಳಕು ಹರಿಯುವ ಮೊದಲೇ ಎದ್ದು ಅಡುಗೆ. ಹಗಲೆಲ್ಲ ಫ್ಯಾಕ್ಟರಿ. ಎಡಕ್ಕೆ ಇಟಲಿಯ ಹೆಂಗಸು, ಬಲಕ್ಕೆ ಗ್ರೀಕ್ ಹೆಂಗಸು, ಯಂತ್ರಗಳ ಸದ್ದಿನಲ್ಲಿ ಯಾರ ಮಾತೂ ಕೇಳಿಸುವುದಿಲ್ಲ. 1961ರಲ್ಲಿ ಹೆಣ್ಣಾಳಿನ ಮೂಲ ವೇತನ ಗಂಡಾಳಿನದರ ಶೇಕಡಾ 75 ಮಾತ್ರ. ಸಮಾನ ವೇತನದ ತೀರ್ಪುಗಳು ಬಂದಿದ್ದು 1969 ಮತ್ತು 1972ರಲ್ಲಿ. ಸಾಲದ್ದಕ್ಕೆ ಮನೆಗೆ ತಂದು ಹೊಲಿಯುವ ಪೀಸ್ ವರ್ಕ್. ಮಕ್ಕಳು ಮಲಗಿದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಕಾಲರ್, ತೋಳು ಹೊಲಿಯುತ್ತಿದ್ದರು. ವಲಸಿಗರಿಗೆ ಬಿಟ್ಟಿ ಇಂಗ್ಲಿಷ್ ಪಾಠ 1940ರ ದಶಕದ ಕೊನೆಯಿಂದಲೇ ಇತ್ತು, ನಿಜ. ಆದರೆ ಸಂಜೆ ಪಾಠಕ್ಕೆ ಹೋದವರು ಗಂಡ. ಇವರಿಗೆ ಸಂಜೆ ಅಂತ ಒಂದು ಇದ್ದಿದ್ದರೆ ತಾನೇ? ಈ ದೇಶ ಅವರ ಕೈಗಳನ್ನು ಪೂರ್ತಿ ಬಳಸಿಕೊಂಡಿದೆ. ಕೊನೆಗಾಲದಲ್ಲಿ ಅವರ ಭಾಷೆಯಲ್ಲಿ ನಾಲ್ಕು ಮಾತು ಕೇಳಿಸಿಕೊಳ್ಳುವುದು ಅವರಿಗೆ ಬರಬೇಕಾದ ಬಾಕಿ ಅಂತ ನಾನು ನಂಬುತ್ತೇನೆ.

ಆ ಬಾಕಿ ತೀರಿಸಲು ನಾವು ಕಾರ್ಡ್ ಮಾಡಿಕೊಂಡೆವು. ನಾನು ನನ್ನದನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಂಡೆ. ನೆರೊ, ನೀರು. ಜೆಸ್ತೊ, ಬಿಸಿ. ಕ್ರಿಯೊ, ತಣ್ಣಗೆ. ಪಾಮೆ, ಹೋಗೋಣ. ಸಿಗಾ ಸಿಗಾ, ನಿಧಾನ ನಿಧಾನ. ಪೊನಾಸ್, ನೋಯ್ತಿದೆಯಾ? ಮಾತಿಗಿಂತ ಮುಖ್ಯವಾಗಿ ಒಂದು ಸನ್ನೆ ಕಲಿತೆವು. ಗ್ರೀಕರು ಬೇಡ, ಇಲ್ಲ ಅನ್ನಲು ಹುಬ್ಬು ಎತ್ತಿ ತಲೆಯನ್ನು ತುಸು ಮೇಲಕ್ಕೆ ಎಸೆಯುತ್ತಾರೆ, ಕೆಲವೊಮ್ಮೆ ಲೊಚಗುಟ್ಟುತ್ತಾರೆ. ಗೊತ್ತಿಲ್ಲದವರು ಅದನ್ನು ಹೂಂ ಅಂತ ತಿಳಿಯುತ್ತಾರೆ. ನೋವಿನ ವಿಷಯದಲ್ಲಿ ಇದು ಸಣ್ಣ ಗೊಂದಲ ಅಲ್ಲ. ಮಾತಾಡಲಾಗದವರ ನೋವು ಅಳೆಯಲು ಇಲ್ಲಿ ಅಬ್ಬಿ ಪೇನ್ ಸ್ಕೇಲ್ ಬಳಸುತ್ತೇವೆ. ಮುಖ, ಸದ್ದು, ಮೈಯ ಭಂಗಿ, ನಡವಳಿಕೆ ಎಲ್ಲ ನೋಡಿ ಅಂಕ ಹಾಕುವ ಪಟ್ಟಿ ಅದು. ಅದರ ಜೊತೆಗೆ ಅವರ ಹೂಂ ಯಾವುದು, ಊಹೂಂ ಯಾವುದು ಅಂತ ಗೊತ್ತಿದ್ದರೆ ಮಂಡಿನೋವಿನ ಮಾತ್ರೆ ಸರಿಯಾದ ಹೊತ್ತಿಗೆ ಸಿಗುತ್ತದೆ. ಡಾಕ್ಟರ್ ಬಂದಾಗ ಫೋನಿನಲ್ಲಿ ದುಭಾಷಿಯನ್ನು ಕರೆಯುತ್ತೇವೆ. ಆ ಸರ್ಕಾರಿ ಸೇವೆ 1973ರಲ್ಲಿ ಶುರುವಾಗಿದ್ದು. ಅದಕ್ಕೂ ಮುಂಚೆ, ಆಮೇಲೂ ಎಷ್ಟೋ ವರ್ಷ, ಯಾಯಾಗೆ ದುಭಾಷಿ ಆಗಿದ್ದವಳು ಮಗಳು. ಎಂಟು ವರ್ಷದ ಹುಡುಗಿ ಡಾಕ್ಟರ ಮುಂದೆ ಕೂತು ಅಮ್ಮನ ಮುಟ್ಟಿನ ತೊಂದರೆಯನ್ನು ಇಂಗ್ಲಿಷಿನಲ್ಲಿ ಹೇಳಬೇಕಿತ್ತು. "ನನಗೆ ಗ್ರೀಕಿನಲ್ಲೇ ಆ ಪದ ಗೊತ್ತಿರಲಿಲ್ಲ" ಅಂತ ಅವರು ಈಗ ಹೇಳಿದರು.

1975ರ ಜೂನಿನಲ್ಲಿ ಮೆಲ್ಬರ್ನಿನಲ್ಲಿ 3ಇಎ ಅನ್ನುವ ಬಹುಭಾಷಾ ರೇಡಿಯೊ ಬಂತು. ಆಗಷ್ಟೇ ಬರುತ್ತಿದ್ದ ಮೆಡಿಬ್ಯಾಂಕ್ ಆರೋಗ್ಯ ಯೋಜನೆ ಏನು ಅಂತ ವಲಸಿಗರಿಗೆ ಅವರವರ ಭಾಷೆಯಲ್ಲಿ ತಿಳಿಸಲು ಶುರು ಮಾಡಿದ್ದದು. ಸರ್ಕಾರ ತನ್ನ ಜೊತೆ ಗ್ರೀಕಿನಲ್ಲಿ ಮಾತಾಡಿತು ಅಂತ ಯಾಯಾ ಹೊಲಿಗೆ ನಿಲ್ಲಿಸಿ ಕೇಳುತ್ತಿದ್ದರಂತೆ.

ಕಪ್ಪು ಬಟ್ಟೆಯ ವಿಷಯ ಚಿಕ್ಕದು. ಗಂಡ ತೀರಿಕೊಂಡಿದ್ದು 2009ರಲ್ಲಿ. ಅವತ್ತಿನಿಂದ ಅವರು ಉಟ್ಟಿದ್ದು ಬರೀ ಕಪ್ಪು. ನಮ್ಮಲ್ಲಿ ಸ್ನಾನ ಆದ ಮೇಲೆ ಹೂವಿನ ಚಿತ್ರದ ಬಟ್ಟೆ ಹಾಕುತ್ತಿದ್ದೆವು. ಚೆನ್ನಾಗಿ ಕಾಣಲಿ ಅಂತಲೇ. ಸ್ನಾನ ಬೇಡ ಅನ್ನುತ್ತಿದ್ದರಲ್ಲ, ನೀರಿನ ಮೇಲೆ ಸಿಟ್ಟಿರಲಿಲ್ಲ. ಬಚ್ಚಲಿನ ಬಾಗಿಲ ಹಿಂದೆ ನೇತಾಡುತ್ತಿದ್ದ ಬಟ್ಟೆ ನೋಡಿ ಬೆದರುತ್ತಿದ್ದರು. ಮೊದಲು ಕಪ್ಪು ಬಟ್ಟೆ ತೋರಿಸಿ, ಆಮೇಲೆ ಪಾಮೆ ಅಂದರೆ ಎದ್ದು ಬರುತ್ತಾರೆ.

ಕಷ್ಟದ ಪುಟ ಮಗನದು. ಸಂಜೆ ಯಾಯಾ ಬಾಗಿಲ ಹತ್ತಿರ ನಿಂತು "ಪೂ ಇನೆ ತೊ ಪೆದಿ?" ಅಂತ ಕೇಳುತ್ತಿದ್ದರು. ಮಗು ಎಲ್ಲಿ ಅಂತ. ನಿಮ್ಮ ಮಗನಿಗೆ ಅರವತ್ತು ದಾಟಿದೆ, ಬೇರೆ ಊರಲ್ಲಿ ಆರಾಮಾಗಿದ್ದಾರೆ ಅಂತ ಎಷ್ಟು ಸಲ ಹೇಳಿದರೂ ಅಳು ಜಾಸ್ತಿಯೇ ಆಗುತ್ತಿತ್ತು.

1962ರಲ್ಲಿ ಮಗ ಹುಟ್ಟಿದ. ಗಂಡ ಹೆಂಡತಿ ಇಬ್ಬರೂ ದುಡಿಯದಿದ್ದರೆ ಮನೆಯ ಕಂತು ಕಟ್ಟಲು ಆಗುತ್ತಿರಲಿಲ್ಲ. ಇಲ್ಲಿ ಅಮ್ಮ ಇಲ್ಲ, ಅತ್ತೆ ಇಲ್ಲ. ಮಗುವನ್ನು ಬಿಡಲು ಜಾಗ ಇಲ್ಲ. ಮುಂದಿನ ವರ್ಷ, ಊರಿಗೆ ಹೊರಟಿದ್ದ ಪರಿಚಯದ ಹೆಂಗಸಿನ ಜೊತೆ ಮಗುವನ್ನು ಹಡಗಿನಲ್ಲಿ ಅಜ್ಜಿ ಮನೆಗೆ ಕಳಿಸಿದರು. ಆ ಕಾಲದಲ್ಲಿ ಹೀಗೆ ಮಾಡಿದ ಗ್ರೀಕ್ ಮನೆಗಳು ಎಷ್ಟೋ ಇವೆ. ಹೊರಗೆ ಯಾರೂ ಹೇಳಿಕೊಳ್ಳುವುದಿಲ್ಲ. ಮಗು ವಾಪಸ್ ಬಂದಿದ್ದು 1968ರಲ್ಲಿ. ಹಿಂದಿನ ವರ್ಷದ ಯುದ್ಧದಿಂದ ಸುಯೆಜ್ ಕಾಲುವೆ ಮುಚ್ಚಿತ್ತು. ಹಡಗು ಆಫ್ರಿಕಾದ ತುದಿ ಬಳಸಿ ಬಂತು. ಸ್ಟೇಷನ್ ಪಿಯರಿನಲ್ಲಿ ಇಳಿದ ಆರು ವರ್ಷದ ಹುಡುಗ ಯಾಯಾನ ಥಿಯಾ ಅಂತ ಕರೆದ. ಥಿಯಾ ಅಂದರೆ ಅತ್ತೆ, ಚಿಕ್ಕಮ್ಮ, ದಾರಿಯಲ್ಲಿ ಸಿಕ್ಕ ಯಾವ ಹೆಂಗಸಾದರೂ ಸರಿ.

ಈ ಪುಟ ಬೇಡವೇ ಬೇಡ ಅಂತ ಮಗ ಫೋನಿನಲ್ಲಿ ಹೇಳಿದರು. ಮಗಳಿಗೆ ಬೇಕಿತ್ತು. ಅಣ್ಣ ತಂಗಿ ಮಾತು ಬಿಡುವ ಮಟ್ಟಕ್ಕೆ ಹೋಯಿತು. ಆ ಕತೆಯನ್ನು ಬರೆಯುವುದು ಬೇಡ, ಒಂದು ಫೋಟೊ ಮಾತ್ರ ಇರಲಿ ಅಂತ ಕೊನೆಗೆ ತೀರ್ಮಾನವಾಯಿತು. ಊರಿನ ಮನೆಯ ಮುಂದೆ ಮೇಕೆಯ ಕಿವಿ ಹಿಡಿದು ನಿಂತ ಹುಡುಗ. ಡಬ್ಬಿಯಲ್ಲಿದ್ದ ನೀಲಿ ಪತ್ರಗಳನ್ನು ಮಗಳು ಓದಿ ಹೇಳಿದರು. ಯಾಯಾ ಅಮ್ಮನಿಗೆ ಬರೆಯಲು ಬರುತ್ತಿರಲಿಲ್ಲ, ಊರಿನ ಮೇಷ್ಟ್ರು ಬರೆದುಕೊಟ್ಟವು. ಮಳೆ, ಆಲಿವ್ ಬೆಲೆ, ಯಾರದೋ ಸಾವು ಎಲ್ಲ ಬದಲಾಗುತ್ತಾ ಹೋಗುತ್ತದೆ. ಒಂದು ಸಾಲು ಮಾತ್ರ ಪ್ರತಿ ಪತ್ರದಲ್ಲೂ ಇದೆ. ಮಗು ಚೆನ್ನಾಗಿ ಉಣ್ಣುತ್ತಾನೆ, ಚೆನ್ನಾಗಿ ಮಲಗುತ್ತಾನೆ.

ಈಗ ಸಂಜೆ ಯಾಯಾ ಮಗು ಎಲ್ಲಿ ಅಂದಾಗ ನಾವು ಆ ಫೋಟೊ ತೆಗೆದು ಕೈಗೆ ಕೊಡುತ್ತೇವೆ. "ಎಫಯೆ. ಕಿಮಾತೆ" ಅನ್ನುತ್ತೇವೆ. ಊಟ ಆಯ್ತು, ಮಲಗಿದ್ದಾನೆ. ಸುಳ್ಳು ಹೇಳಿ ಸಮಾಧಾನ ಮಾಡುವುದು ಸರಿಯಾ ಅಂತ ಹೊಸ ಹುಡುಗಿಯೊಬ್ಬಳು ಕೇಳಿದಳು. ನಾನು ಇದನ್ನು ಸುಳ್ಳು ಅನ್ನುವುದಿಲ್ಲ. ಅವರ ಅಮ್ಮ ವರ್ಷಗಟ್ಟಲೆ ಅವರಿಗೆ ಹೇಳಿದ್ದು ಇದನ್ನೇ. ಆಗ ಅವರು ಬದುಕಿದ್ದೂ ಇದೇ ಮಾತಿನ ಮೇಲೆ. ಕೆಲವು ಸಂಜೆ ಇದರಿಂದ ಸಮಾಧಾನ ಆಗುತ್ತದೆ. ಕೆಲವು ಸಂಜೆ ಆಗುವುದಿಲ್ಲ. ಆಗ ಜೊತೆಗೆ ಓಡಾಡುತ್ತೇವೆ.

ಆ ಎರಡು ಪದ ಹೇಗೆ ಹೇಳಬೇಕು ಅಂತ ನಮಗೆ ಕಲಿಸಿದ್ದು ಮಗನೇ. ಫೈಲ್ ಮುಗಿದ ಮೇಲೆ ಒಂದು ಭಾನುವಾರ ಬಂದರು. ಪುಟ ತಿರುವಿದರು. ಮೇಕೆ ಫೋಟೊ ಬಗ್ಗೆ ಏನೂ ಹೇಳಲಿಲ್ಲ. ನಾನು ಹೇಳುತ್ತಿದ್ದ ರೀತಿ ಕೇಳಿ, "ಅದು ಅಥೆನ್ಸಿನವರ ಥರ ಆಯ್ತು, ನಮ್ಮೂರಲ್ಲಿ ಹೀಗೆ ಎಳೀತಾರೆ" ಅಂತ ತಿದ್ದಿದರು. ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಆ ಹಳ್ಳಿಯ ಗ್ರೀಕ್ ಬರುವುದು ಅವರಿಗೇ. ಅಲ್ಲಿ ಬೆಳೆದವರಲ್ವಾ. ಈಗ ಆಗಾಗ ಬರುತ್ತಾರೆ. ಅಂಜೂರ ಒಣಗಿಸುವುದು, ಯಾರ ಬಾವಿ ಬತ್ತಿತ್ತು, ಯಾವ ಕತ್ತೆ ಒದೆಯುತ್ತಿತ್ತು, ಇಂಥದ್ದೇ ಮಾತು ಇಬ್ಬರದು. ಯಾಯಾ ಅವರನ್ನು ಮಗ ಅಂತ ಗುರುತಿಸುತ್ತಾರೋ, ತನ್ನ ಅಣ್ಣ ಅಂದುಕೊಳ್ಳುತ್ತಾರೋ ಗೊತ್ತಾಗುವುದಿಲ್ಲ. ಬಂದಾಗ ತಮ್ಮ ಡಬ್ಬಿಯ ಬ್ರೆಡ್ ತುಂಡನ್ನು ಅವರಿಗೆ ಕೊಡುತ್ತಾರೆ.

ಫೈಲಿನ ಒಂದು ಪ್ರತಿ ಕೋಣೆಯಲ್ಲಿದೆ, ಇನ್ನೊಂದು ನರ್ಸುಗಳ ಆಫೀಸಿನಲ್ಲಿ. ಹೊಸಬರು ಪಾಳಿಗೆ ಬಂದರೆ ಮೊದಲು ಅದನ್ನು ಓದಿಸುತ್ತೇವೆ. ಆಸ್ಪತ್ರೆಗೆ ಹೋಗಬೇಕಾದರೆ ಮೊದಲ ಪುಟದ ನಕಲು ಜೊತೆಗೆ ಹೋಗುತ್ತದೆ. ಬುಧವಾರ ಶುಕ್ರವಾರ, ಕಪ್ಪು ಬಟ್ಟೆ, ಹುಬ್ಬು ಎತ್ತಿದರೆ ಬೇಡ, ಬ್ರೆಡ್ ಡಬ್ಬಿ. ಇದನ್ನು ನೋಡಿ ಪಕ್ಕದ ಕೋಣೆಯ ಇಟಲಿಯ ತಾತನ ಮಗಳು ತಮ್ಮ ತಂದೆಗೂ ಒಂದು ಮಾಡಿಕೊಡಿ ಅಂದಿದ್ದಾರೆ. ತಾತ ಬಂದಿದ್ದು ಬಾನೆಗಿಲ್ಲಾ ಶಿಬಿರದ ಮೂಲಕ ಅಂತ ಮಾತ್ರ ಗೊತ್ತು, ಹಡಗಿನ ಹೆಸರು ಗೊತ್ತಿಲ್ಲ. ಮೊಮ್ಮಗ ಆಗಲೇ ಕಾರ್ಡುಗಳನ್ನು ಹುಡುಕಲು ಶುರು ಮಾಡಿದ್ದಾನೆ.